22 ಮೊಮ್ಮೆ ಅಂದ್ರೆ ಎಷ್ಟು ಜಿಎಸ್‌ಎಂ? (ಟೆಕ್ಸ್‌ಟೈಲ್ ಬ್ಯಾಚ್ ಗುಂಪು)

ನಾಗರಾಜ: [ಚಿತ್ರ] ಜಪಾನಿನ ಹಳೇ ತೂಕಗಳ ಪಟ್ಟಿ. 1 ಕಾನ್ = 3.75 ಕೆಜಿ, 1 ಕಿನ್ = 600 ಗ್ರಾಂ, 1 ಮೊಮ್ಮೆ = 3.75 ಗ್ರಾಂ. ಕೊನೇ ಸಾಲು: 22 ಮೊಮ್ಮೆ ರೇಷ್ಮೆ = 82.5 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಗೆ ಇಷ್ಟು ಗ್ರಾಂ). ರೇಷ್ಮೆ ಆರ್ಡರ್ ನೋಡೋರು ಇಟ್ಕೊಳ್ಳಿ.

ಶೋಭಾ: ಕೊನೇ ಸಾಲು ತಪ್ಪು ನಾಗು. ದಯವಿಟ್ಟು ಯಾರೂ ಫಾರ್ವರ್ಡ್ ಮಾಡ್ಬೇಡಿ. 22 ಮೊಮ್ಮೆ ಅಂದ್ರೆ ಸುಮಾರು 95.5.

ನಾಗರಾಜ: ಹೇಗೆ? 1891ರ ಕಾಯ್ದೆಯಲ್ಲೇ ಕಾನ್ ಅಂದ್ರೆ 15/4 ಕೆಜಿ ಅಂತಿದೆ. ಅದರ ಸಾವಿರದಲ್ಲೊಂದು ಪಾಲು ಮೊಮ್ಮೆ. 5 ಯೆನ್ ನಾಣ್ಯ ತೂಗಿದ್ರೂ 3.75 ಗ್ರಾಂ. ಇಂಟು 22 ಮಾಡು.

ಶೋಭಾ: ಗ್ರಾಂ ಸರಿ ಕಣೋ, ಆದ್ರೆ ಎಷ್ಟು ಬಟ್ಟೆಗೆ? ಚದರ ಮೀಟರಿಗಲ್ಲ. ಅಗಲ 1 ಕುಜಿರಾ ಸುನ್, ಅಂದ್ರೆ 3.79 ಸೆಂಮೀ, ಉದ್ದ 25 ಗಜ, 22.86 ಮೀಟರ್. ಅಷ್ಟು ಬಟ್ಟೆ 0.866 ಚದರ ಮೀಟರ್. 3.75ನ್ನ ಅದರಿಂದ ಭಾಗಿಸು, 4.33 ಬರುತ್ತೆ.

ಸಲೀಂ: ವ್ಯಾಪಾರದಲ್ಲಿ 4.34 ಹಾಕ್ತಾರೆ. 45 ಇಂಚು ಅಗಲ, 100 ಗಜ ಉದ್ದದ ಬಟ್ಟೆ ಎಷ್ಟು ಪೌಂಡ್ ತೂಗುತ್ತೋ ಅಷ್ಟು ಮೊಮ್ಮೆ ಅನ್ನೋ ಲೆಕ್ಕ ಅದು.

ನಾಗರಾಜ: ನಿಮ್ಮಿಬ್ಬರದ್ದೇ ಹೊಂದ್ತಿಲ್ಲವಲ್ಲ?

ಸಲೀಂ: 22 ಮೊಮ್ಮೆಗೆ 0.2 ಜಿಎಸ್‌ಎಂ ವ್ಯತ್ಯಾಸ, ಅಷ್ಟೇ. ನಿನ್ನ 82.5 ಹಿಡಿದು ನೇಯಿಸಿದ್ರೆ ಬರೋದು 19 ಮೊಮ್ಮೆ ಬಟ್ಟೆ. ಪಾರ್ಟಿ ಮಾಲು ವಾಪಸ್ ಕಳಿಸ್ತಾನೆ.

ನಾಗರಾಜ: ಬಂದ ಮಾಲು 22 ಹೌದೋ ಅಲ್ವೋ ಅಂತ ನೋಡೋದು?

ಶೋಭಾ: 100 ಚದರ ಸೆಂಮೀ ಕಟರ್‌ನಲ್ಲಿ ಕತ್ತರಿಸಿ ತೂಗು, ನೂರರಿಂದ ಗುಣಿಸಿ 4.34ರಿಂದ ಭಾಗಿಸು. 22 ಮೊಮ್ಮೆಯ ತುಂಡು 0.955 ಗ್ರಾಂ ಇರಬೇಕು. 0.01 ಗ್ರಾಂ ತೋರಿಸೋ ತಕ್ಕಡಿ ಸಾಲಲ್ಲ, ಅಲ್ಲಿ ಒಂದಂಕಿ ಆಚೀಚೆ ಆದ್ರೆ 1 ಜಿಎಸ್‌ಎಂ ಹೋಯ್ತು. ಮಿಲಿಗ್ರಾಂ ತಕ್ಕಡಿ ಬೇಕು. ಅಂಚು, ಜರಿ ಬಿಟ್ಟು ಒಡಲಲ್ಲೇ ಕತ್ತರಿಸು. ಅದಕ್ಕೂ ಮುಂಚೆ 27 ಡಿಗ್ರಿ, 65% ತೇವಾಂಶ ಇರೋ ಕೋಣೇಲಿ ಬಟ್ಟೆ ಹರಡಿಡು. ರೇಷ್ಮೆ ಗಾಳಿಯ ತೇವ ಹೀರುತ್ತೆ, ಮಳೆಗಾಲದಲ್ಲಿ ಹಾಗೇ ತೂಗಿದ್ರೆ ಜಾಸ್ತಿ ತೋರಿಸುತ್ತೆ.

ಸಲೀಂ: ಒಂದೇ ತುಂಡು ನಂಬ್ಬೇಡ. ಅಗಲದ ಉದ್ದಕ್ಕೂ ಐದು ಕಡೆ ತೆಗೆದು ಸರಾಸರಿ ಹಿಡಿ.

ವಿದ್ಯಾ: ಕಿನ್ ಸಾಲಿಗೂ ಒಂದು ಟಿಪ್ಪಣಿ ಬೇಕು. 160 ಮೊಮ್ಮೆಗೆ 600 ಗ್ರಾಂ ಸರಿ. ಆದ್ರೆ ಜಪಾನಿನ ಬ್ರೆಡ್ ಪ್ಯಾಕೆಟ್ ಮೇಲಿನ 1 ಕಿನ್ ಅಂದ್ರೆ ಕನಿಷ್ಠ 340 ಗ್ರಾಂ.

ನಾಗರಾಜ: ಹಾಗಾದ್ರೆ 3.75 ಯಾವುದಕ್ಕೆ ಉಪಯೋಗ?

ಶೋಭಾ: ಮುತ್ತಿಗೆ. ಮುತ್ತಿನ ವ್ಯಾಪಾರಕ್ಕೆ ಅಲ್ಲಿನ ಕಾನೂನು ಈಗಲೂ ಮೊಮ್ಮೆ ಒಪ್ಪುತ್ತೆ. ಪಟ್ಟಿಯಲ್ಲಿ ಎರಡು ಸಾಲು ಮಾಡಿ ಹಾಕು: ಮುತ್ತು 3.75 ಗ್ರಾಂ, ರೇಷ್ಮೆ ಬಟ್ಟೆ 4.34 ಜಿಎಸ್‌ಎಂ.