1954ರ ಸಿನೆಮಾಸ್ಕೋಪ್ ಚಿತ್ರದ ಬ್ಲೂ-ರೇ: ಕ್ಲೋಸಪ್‌ನಲ್ಲಿ ಮುಖ ಅಗಲ, ಮಾತು ಎಡಗಡೆಯಿಂದ. ತಪ್ಪು ಎಲ್ಲಿದೆ?

ಅಗಲಪರದೆ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ತುಂಬಾ ಇಷ್ಟವಾದ 1954ರ ಒಂದು ಸಿನೆಮಾಸ್ಕೋಪ್ (ಅಗಲ ಪರದೆಯ) ಚಿತ್ರದ ಬ್ಲೂ-ರೇ ತಂದಿದ್ದೇನೆ. ಇದರ ಹಳೇ ಡಿವಿಡಿಯೂ ನನ್ನ ಹತ್ತಿರ ಇದೆ. ನಿನ್ನೆ ಅಪ್ಪನಿಗೆ ತೋರಿಸೋ ಮೊದಲು ಅರ್ಧ ಗಂಟೆ ಹಾಕಿ ನೋಡಿದೆ. ನೋಡಿ ಗೊಂದಲವಾಗಿದೆ.

ಮೊದಲನೆಯದಾಗಿ, ಮೇಲೆ ಕೆಳಗೆ ಇರುವ ಕಪ್ಪು ಪಟ್ಟಿ ನನ್ನ ಬೇರೆ ಸ್ಕೋಪ್ ಡಿಸ್ಕ್‌ಗಳಿಗಿಂತ ದಪ್ಪ ಇದೆ. ಎರಡನೆಯದು, ಕ್ಯಾಮೆರಾ ಹತ್ತಿರ ಬಂದಾಗಲೆಲ್ಲ ಮುಖ ಅಗಲವಾಗಿ, ಕೆನ್ನೆ ಊದಿದ ಹಾಗೆ ಕಾಣುತ್ತದೆ. ದೂರದ ಶಾಟ್‌ಗಳಲ್ಲಿ ಎಲ್ಲ ಸರಿ. ಇನ್ನೊಂದು, ನಾಯಕಿ ಎಡಗಡೆ ನಿಂತು ಮಾತಾಡಿದರೆ ದನಿ ಎಡ ಸ್ಪೀಕರ್‌ನಿಂದ ಬರುತ್ತದೆ, ನಡುವಿನ ಸ್ಪೀಕರ್ ಸುಮ್ಮನಿರುತ್ತದೆ. ಸಬ್‌ವೂಫರ್ (ಕೆಳದನಿಯ ಸ್ಪೀಕರ್) ಅಂತೂ ಪೂರ್ತಿ ಮೌನ. ವೈರ್ ಎರಡು ಸಲ ಬಿಚ್ಚಿ ಹಾಕಿದೆ.

ಟೇಪ್ ಹಿಡಿದು ಅಳೆದೂ ನೋಡಿದೆ. 55 ಇಂಚಿನ ಟಿವಿಯಲ್ಲಿ ಚಿತ್ರದ ಅಗಲ 121.5 ಸೆಂ.ಮೀ., ಎತ್ತರ 50.5. ಅಂದರೆ 2.4:1. ಡಿಸ್ಕ್‌ನ ಹಿಂದೆ 2.55:1 ಅಂತ ಬರೆದಿದ್ದಾರೆ. ಡಿಸ್ಕ್ ವಾಪಸ್ ಕೊಡಬೇಕಾ?

ಬೆಳಕಿನಕಿಂಡಿ:
ಮುಖ ಅಗಲ ಕಾಣುತ್ತಿದೆ ಅಂದರೆ ಟಿವಿ ಚಿತ್ರವನ್ನು ಎಳೆಯುತ್ತಿರಬೇಕು. ರಿಮೋಟ್‌ನಲ್ಲಿ ಝೂಮ್, ವೈಡ್ ಇವೆಲ್ಲ ತೆಗೆದು 16:9ಕ್ಕೆ ಹಾಕಿ. ನನಗೂ ಹೀಗೇ ಆಗಿತ್ತು, ಒಂದೇ ಬಟನ್‌ಗೆ ಸರಿಹೋಯಿತು.

ಅಗಲಪರದೆ:
ಮೊದಲಿಂದಲೂ 16:9ರಲ್ಲೇ ಇದೆ. ಮತ್ತೆ ನೋಡಿದೆ, ಹಾಗೇ ಇದೆ.

ರೀಲು35:
ಅಗಲಪರದೆ ಅವರೇ, ಡಿಸ್ಕ್ ವಾಪಸ್ ಕೊಡಬೇಡಿ. ನೀವು ಅಳೆದು ಹಾಕಿದ್ದು ತುಂಬಾ ಒಳ್ಳೆಯದಾಯಿತು. ಆ ಅಳತೆಯಲ್ಲೇ ಒಂದು ನಿಜವಾದ ತಪ್ಪು ಸಿಕ್ಕಿಬಿದ್ದಿದೆ. ಅದು ಡಿಸ್ಕ್‌ನದಲ್ಲ, ಟಿವಿಯದು.

ಸಿನೆಮಾ ಬ್ಲೂ-ರೇಗಳ ಚೌಕಟ್ಟು ಸಾಮಾನ್ಯವಾಗಿ 1920 × 1080 ಚುಕ್ಕಿ (ಪಿಕ್ಸೆಲ್). ಅದರೊಳಗೆ 2.55 ಚಿತ್ರ ಕೂರಿಸಿದರೆ ಎತ್ತರ 753 ಗೆರೆ (ಅಡ್ಡ ಸಾಲು). ನಿಮ್ಮ ಟಿವಿಯಲ್ಲಿ ಅದು ಸುಮಾರು 47.7 ಸೆಂ.ಮೀ. ಆಗಬೇಕು. ನಿಮಗೆ 50.5 ಬಂದಿದೆ. ಅಂದರೆ ಟಿವಿ ಇಡೀ ಚಿತ್ರವನ್ನು ಶೇಕಡ 6ರಷ್ಟು ದೊಡ್ಡದು ಮಾಡಿ ಅಂಚು ಕತ್ತರಿಸುತ್ತಿದೆ. ಇದಕ್ಕೆ ಓವರ್‌ಸ್ಕ್ಯಾನ್ ಅಂತಾರೆ. ಹಳೇ ಟ್ಯೂಬ್ ಟಿವಿಗಳ ಕಾಲದಲ್ಲಿ ಅಂಚಿನ ಕೊಳಕು ಮುಚ್ಚೋಕೆ ಇದು ಬೇಕಿತ್ತು. ಈಗ ಬೇಡ. 16:9 ಅಂತ ಇಟ್ಟರೂ ಕೆಲವು ಟಿವಿಗಳಲ್ಲಿ ಇದು ಹಾಗೇ ಉಳಿದಿರುತ್ತದೆ. ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್, ಹೀಗೆ ಒಂದೊಂದು ಟಿವಿಯಲ್ಲಿ ಒಂದೊಂದು ಹೆಸರು. ಹುಡುಕಿ ಹಾಕಿ, ಮತ್ತೆ ಅಳೆಯಿರಿ.

ಪಟ್ಟಿ ದಪ್ಪ ಇರೋದು ಸರಿಯೇ. 2.35 ಚಿತ್ರಕ್ಕೆ 817 ಗೆರೆ ಸಿಗುತ್ತದೆ, 2.55ಕ್ಕೆ 753 ಮಾತ್ರ. ಸಿನೆಮಾಸ್ಕೋಪ್ 1953ರಲ್ಲಿ ಶುರುವಾದಾಗ ಧ್ವನಿಯನ್ನು ಫಿಲ್ಮ್‌ನ ಮೇಲೆ ನಾಲ್ಕು ಸಣ್ಣ ಕಾಂತೀಯ ಪಟ್ಟಿಗಳಲ್ಲಿ ಬಳಿದಿದ್ದರು. ಅವಕ್ಕೆ ಜಾಗ ಬೇಕು ಅಂತ ಫಿಲ್ಮ್ ಎಳೆಯಲು ಅಂಚಿನಲ್ಲಿರುವ ತೂತುಗಳನ್ನೇ ಚಿಕ್ಕದು ಮಾಡಿದರು. ಹಾಗಾಗಿ ಚಿತ್ರಕ್ಕೆ ಅಗಲ ಜಾಸ್ತಿ ಸಿಕ್ಕಿತು, 2.55 ಬಂತು. ಆದರೆ ಕಾಂತೀಯ ಧ್ವನಿ ಓದುವ ಯಂತ್ರ ಎಲ್ಲ ಥಿಯೇಟರ್‌ಗಳಲ್ಲೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಮಾಮೂಲಿ ಆಪ್ಟಿಕಲ್ (ಬೆಳಕಿನಿಂದ ಓದುವ) ಧ್ವನಿಪಟ್ಟಿಯನ್ನೂ ಸೇರಿಸಿದರು. ಅದು ಚಿತ್ರದ ಎಡಗಡೆಯ ಜಾಗ ತಿಂದಿತು. 2.35 ಹುಟ್ಟಿದ್ದು ಹಾಗೆ.

ನಿಮ್ಮ ಹತ್ತಿರ ಡಿವಿಡಿ ಇದೆಯಲ್ಲ, ಒಂದೇ ಶಾಟ್ ಎರಡರಲ್ಲೂ ನಿಲ್ಲಿಸಿ ಎಡ ಅಂಚು ನೋಡಿ. ಏನು ಕಂಡಿತು ಹೇಳಿ.

ಅಗಲಪರದೆ:
ಜಸ್ಟ್ ಸ್ಕ್ಯಾನ್ ಸಿಕ್ಕಿತು, ಮೂರನೇ ಮೆನು ಒಳಗಿತ್ತು. ಈಗ ಎತ್ತರ 47.5ರಿಂದ 48ರ ನಡುವೆ ಬರುತ್ತಿದೆ. 2.55 ಸರಿ!

ಎಡ ಅಂಚು ನೋಡಿ ಆಶ್ಚರ್ಯವಾಯಿತು. ಬ್ಲೂ-ರೇಯಲ್ಲಿ ಬಾಗಿಲ ಹತ್ತಿರ ಒಬ್ಬ ಪೂರ್ತಿ ನಿಂತಿದ್ದಾನೆ. ಡಿವಿಡಿಯಲ್ಲಿ ಅವನ ಭುಜ ಮಾತ್ರ ಇದೆ. ಬಲಗಡೆ ಎರಡರಲ್ಲೂ ಒಂದೇ. ಇಷ್ಟು ವರ್ಷ ಅವನನ್ನು ನಾವು ನೋಡಿಯೇ ಇರಲಿಲ್ಲ. ಡಿವಿಡಿಯಲ್ಲಿ ನಾಲ್ಕೂ ಕಡೆ ಕಪ್ಪು ಬರುತ್ತದೆ, ಅದೂ ಯಾಕೆ ಅಂತ ಗೊತ್ತಿರಲಿಲ್ಲ.

ಆದರೆ ಮುಖ ಇನ್ನೂ ಅಗಲವೇ ಇದೆ.

ರೀಲು35:
ನಿಮ್ಮ ಡಿವಿಡಿ 2.35 ಕಾಪಿಯಿಂದ ಮಾಡಿದ್ದು, ಅದೂ ಹಳೇ 4:3 ಚೌಕಟ್ಟಿನೊಳಗೆ ಇಟ್ಟದ್ದು. 480 ಗೆರೆಯ ಡಿಸ್ಕ್ ಆದರೆ ಅದರಲ್ಲಿ ಚಿತ್ರಕ್ಕೆ ಸಿಕ್ಕಿದ್ದು ಬರೀ 272. ಈಗ 753 ಇದೆ. ನಾಲ್ಕೂ ಕಡೆ ಕಪ್ಪು ಬರೋದು ಅದಕ್ಕೇ: ಮೇಲೆ ಕೆಳಗಿನ ಪಟ್ಟಿ ಡಿಸ್ಕ್‌ನೊಳಗೇ ಇದೆ, ಪಕ್ಕದ್ದು ಟಿವಿ ಹಾಕಿದ್ದು.

ಇನ್ನು ಮುಖದ ವಿಷಯ. ಎರಡು ಪರೀಕ್ಷೆ ಮಾಡಿ. ದೂರದ ಶಾಟ್ ಒಂದರಲ್ಲಿ ನೇರ ಎದುರಿಗೆ ಕಾಣುವ ದುಂಡನೆಯ ವಸ್ತು ಹುಡುಕಿ. ಗೋಡೆ ಗಡಿಯಾರ, ತಟ್ಟೆ, ಚಕ್ರ ಏನಾದರೂ ಸರಿ. ಅದರ ಅಗಲ, ಎತ್ತರ ಅಳೆಯಿರಿ. ಆಮೇಲೆ ಯಾರಾದರೂ ಕ್ಯಾಮೆರಾಗೆ ಹತ್ತಿರದಲ್ಲೇ ಅಂಚಿನಿಂದ ನಡುವಿಗೆ ನಡೆದು ಬರುವ ಶಾಟ್ ನೋಡಿ. ನಡುವಿಗೆ ಬಂದ ಹಾಗೆ ಅವರು ದಪ್ಪ ಆಗುತ್ತಾರಾ?

ಟಿವಿ ಚಿತ್ರವನ್ನು ಎಳೆಯುತ್ತಿದ್ದರೆ ಪ್ರತಿ ಶಾಟ್‌ನಲ್ಲೂ, ಚಿತ್ರದ ಎಲ್ಲ ಜಾಗದಲ್ಲೂ ಒಂದೇ ಅಳತೆಯಲ್ಲಿ ಎಳೆಯುತ್ತದೆ. ಅದಕ್ಕೆ ದೂರ, ಹತ್ತಿರ ಅನ್ನೋದು ಗೊತ್ತಾಗುವುದಿಲ್ಲ. ಲೆನ್ಸ್‌ಗೆ ಮಾತ್ರ ಗೊತ್ತಾಗುತ್ತದೆ.

ಅಗಲಪರದೆ:
ಗಡಿಯಾರ ಸಿಕ್ಕಿತು. 6.2 ಸೆಂ.ಮೀ. ಅಗಲ, 6.2 ಎತ್ತರ. ಪಕ್ಕಾ ದುಂಡು. ನಡೆಯುವ ಶಾಟ್ ಕೂಡ ಸಿಕ್ಕಿತು. ನೀವು ಹೇಳಿದ ಹಾಗೇ ಆಯಿತು! ಅಂಚಿನಲ್ಲಿ ಸಪೂರ, ನಡುವಿಗೆ ಬಂದಾಗ ಸ್ವಲ್ಪ ದಪ್ಪ. ಹಾಗಾದರೆ ಇದು 1954ರಲ್ಲೇ ಫಿಲ್ಮ್ ಮೇಲೆ ಹೀಗೇ ಬಂದಿದೆಯಾ?

ರೀಲು35:
ಹೌದು. ಇದಕ್ಕೆ ಆ ಕಾಲದಲ್ಲೇ ಹೆಸರಿತ್ತು: ಸಿನೆಮಾಸ್ಕೋಪ್ ಮಂಪ್ಸ್. ಕೆಪ್ಪಟರಾಯ ಬಂದವರ ಹಾಗೆ ಕೆನ್ನೆ ಊದಿ ಕಾಣುತ್ತದಲ್ಲ, ಅದಕ್ಕೇ.

ಸ್ಕೋಪ್ ಲೆನ್ಸ್ ಎದುರಿನ ದೃಶ್ಯವನ್ನು ಅಡ್ಡಕ್ಕೆ ಅರ್ಧಕ್ಕೆ ಹಿಂಡಿ 35 ಮಿ.ಮೀ. ಫಿಲ್ಮ್ ಮೇಲೆ ಕೂರಿಸುತ್ತದೆ. ತೋರಿಸುವಾಗ ಪ್ರೊಜೆಕ್ಟರ್‌ನ ಲೆನ್ಸ್ ಅದನ್ನು ಎರಡು ಪಟ್ಟು ಹಿಗ್ಗಿಸುತ್ತದೆ. ಮೂಲ ಉಪಾಯ ಫ್ರಾನ್ಸಿನ ಆಂರಿ ಕ್ರೆತಿಯಾಂ ಅವರದು. ತೊಂದರೆ ಏನೆಂದರೆ, ಆ ಮೊದಮೊದಲ ಲೆನ್ಸ್‌ಗಳನ್ನು ಹತ್ತಿರಕ್ಕೆ ಫೋಕಸ್ ಮಾಡಿದಾಗ ಹಿಂಡುವ ಪ್ರಮಾಣ ಎರಡು ಪಟ್ಟಿಗಿಂತ ಕಡಿಮೆ ಆಗುತ್ತಿತ್ತು. ಚಿತ್ರದ ನಡುವೆ ಅದು ಹೆಚ್ಚು ಕಾಣುತ್ತಿತ್ತು. ಹಿಂಡಿದ್ದು 1.8 ಪಟ್ಟು ಅಂತಿಟ್ಟುಕೊಳ್ಳಿ, ಹಿಗ್ಗಿಸುವುದು ಮಾತ್ರ ಯಾವಾಗಲೂ 2. ಆಗ ಮುಖ ಶೇಕಡ 11ರಷ್ಟು ಅಗಲ ಆಗಿಬಿಡುತ್ತದೆ. ಆಮೇಲೆ ರಾಬರ್ಟ್ ಗಾಟ್‌ಶಾಕ್ ಅವರ ಪ್ಯಾನಾವಿಷನ್ ಕಂಪನಿ ಹತ್ತಿರದಲ್ಲೂ ಮುಖದ ಆಕಾರ ಕೆಡದ ಲೆನ್ಸ್ ಮಾಡಿತು. ಸ್ಟುಡಿಯೋಗಳು ಒಂದೊಂದಾಗಿ ಅದಕ್ಕೆ ಬದಲಾಗಲು ಇದೂ ಒಂದು ದೊಡ್ಡ ಕಾರಣ.

ನಿಮ್ಮ ಡಿವಿಡಿಯಲ್ಲೂ ಇದು ಇದ್ದೇ ಇರುತ್ತದೆ. 272 ಗೆರೆಯ ಸಣ್ಣ ಚಿತ್ರದಲ್ಲಿ ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಬೆಳಕಿನಕಿಂಡಿ:
ನಾನು ಹೇಳಿದ್ದು ತಪ್ಪಾಯಿತು, ಕ್ಷಮಿಸಿ. ಆದರೆ ಒಂದು ಪ್ರಶ್ನೆ. ಕಂಪ್ಯೂಟರ್ ಪ್ಲೇಯರ್‌ನಲ್ಲಿ ಅಗಲವನ್ನು ಸ್ವಲ್ಪ ಕಡಿಮೆ ಮಾಡಿಕೊಂಡರೆ ಮುಖ ಸರಿಯಾಗುತ್ತದಲ್ವಾ? 2.35ಕ್ಕೆ ಒತ್ತಿಬಿಟ್ಟರೆ?

ರೀಲು35:
ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹಾಗೆ ಒತ್ತಿದರೆ ಈಗ ದುಂಡಗಿರುವ ಆ ಗಡಿಯಾರ ಮೊಟ್ಟೆ ಆಗುತ್ತದೆ. ದೂರದ ಶಾಟ್‌ಗಳಲ್ಲಿ ಎಲ್ಲರೂ ಕಡ್ಡಿಗಳಾಗುತ್ತಾರೆ. ಶಾಟ್ ಶಾಟ್‌ಗೂ ಬೇರೆ ಬೇರೆ ಒತ್ತಬಹುದು ಅಂದುಕೊಂಡರೂ, ಒಂದೇ ಶಾಟ್‌ನಲ್ಲಿ ನಡುವೆ ಒಂದು, ಅಂಚಿಗೆ ಇನ್ನೊಂದು ಪ್ರಮಾಣ ಇದೆ. ಆಗಿನ ಛಾಯಾಗ್ರಾಹಕರಿಗೆ ಈ ಲೆನ್ಸ್‌ನ ಗುಣ ಚೆನ್ನಾಗಿ ಗೊತ್ತಿತ್ತು. ತೀರಾ ಹತ್ತಿರದ ಕ್ಲೋಸಪ್ ಕಡಿಮೆ ಮಾಡಿದರು, ಜನರನ್ನು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿದರು. ಆ ಜೋಡಣೆಯೇ ಆ ಚಿತ್ರಗಳ ಚಂದ. ಅದನ್ನು ಮನೆಯಲ್ಲಿ ಕೂತು ನಾವು ಕೆಡಿಸುವುದು ಬೇಡ.

ನಾಲ್ಕುಟ್ರ್ಯಾಕ್:
ಧ್ವನಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ವೈರ್ ಬಿಚ್ಚಬೇಡಿ, ಅದು ಸರಿಯಾಗೇ ಇದೆ.

ಆ ನಾಲ್ಕು ಕಾಂತೀಯ ಪಟ್ಟಿಗಳಲ್ಲಿ ಮೂರು ಪರದೆಯ ಹಿಂದಿನ ಎಡ, ನಡು, ಬಲ ಸ್ಪೀಕರ್‌ಗಳಿಗೆ. ನಾಲ್ಕನೆಯದು ಸಭಾಂಗಣದೊಳಗಿನ ಸ್ಪೀಕರ್‌ಗಳಿಗೆ. ಆಗ ಮಾತನ್ನೂ ಪಾತ್ರದ ಜೊತೆ ಓಡಾಡಿಸುತ್ತಿದ್ದರು. ಎಡಗಡೆ ನಿಂತವರ ಮಾತು ಎಡದಿಂದಲೇ ಬರಬೇಕು. ಮಾತನ್ನೆಲ್ಲ ನಡುವಿಗೆ ತರುವ ರೂಢಿ ಆಮೇಲೆ ಬಂತು. ನಿಮ್ಮ ಡಿಸ್ಕ್‌ನವರು ಮೂಲ ಮಿಶ್ರಣವನ್ನು ಹಾಗೇ ಉಳಿಸಿದ್ದಾರೆ. ನನಗಂತೂ ಇದು ಕೇಳಿ ತುಂಬಾ ಖುಷಿಯಾಯಿತು.

ನಾಲ್ಕನೇ ಪಟ್ಟಿ ಬೇಡದ ಹೊತ್ತಿನಲ್ಲಿ ಬರೀ ಉಸ್ಸೆನ್ನುವ ಸದ್ದು ಕೊಡುತ್ತಿತ್ತು. ಅದಕ್ಕೆ 12 ಕಿಲೋಹರ್ಟ್ಸ್‌ನ ಒಂದು ಸಂಕೇತ ಸೇರಿಸಿ, ಅದು ಇದ್ದಾಗ ಮಾತ್ರ ಆ ಸ್ಪೀಕರ್‌ಗಳು ಆನ್ ಆಗುವ ಹಾಗೆ ಮಾಡಿದ್ದರು. ಹಾಗಾಗಿ ಹಿಂದಿನ ಸ್ಪೀಕರ್ ಬಹಳ ಹೊತ್ತು ಸುಮ್ನೆ ಇದ್ದರೂ ಗಾಬರಿ ಬೇಡ.

ರಿಸೀವರ್‌ನಲ್ಲಿ (ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಪೆಟ್ಟಿಗೆ) 4.0, ಅಂದರೆ ನಾಲ್ಕು ಟ್ರ್ಯಾಕ್, ಸಬ್‌ವೂಫರ್‌ಗೆ ಸೊನ್ನೆ, ಅಂತ ತೋರಿಸುತ್ತಿದೆಯಾ ನೋಡಿ. ಸಬ್‌ಗೆ ಅಂತಲೇ ಬೇರೆ ಟ್ರ್ಯಾಕ್ ಇದರಲ್ಲಿ ಇಲ್ಲ. ಮುಂದಿನ ಸ್ಪೀಕರ್‌ಗಳನ್ನು ‘ಸ್ಮಾಲ್’ ಅಂತ ಇಟ್ಟು ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಹಾಕಿ. ಆಗ ಅವುಗಳ ಕೆಳದನಿ ಸಬ್‌ಗೆ ಹೋಗುತ್ತದೆ. ಸರೌಂಡ್ ಎಫೆಕ್ಟ್ ಸೇರಿಸುವ ಮೋಡ್ ಏನಾದರೂ ಆನ್ ಇದ್ದರೆ ತೆಗೆದು ‘ಡೈರೆಕ್ಟ್’ ಅಥವಾ ‘ಸ್ಟ್ರೈಟ್’ ಇಡಿ. ಕೆಲವು ರಿಸೀವರ್‌ಗಳಲ್ಲಿ ‘ಡೈರೆಕ್ಟ್’ ಹಾಕಿದರೆ ಸಬ್ ಕೂಡ ನಿಲ್ಲುತ್ತದೆ, ಹಾಗಾದರೆ ಎರಡನೆಯದೇ ಇರಲಿ.

ಅಗಲಪರದೆ:
4.0 ಅಂತಲೇ ಇದೆ! ಸ್ಪೀಕರ್‌ಗಳು ‘ಲಾರ್ಜ್’ನಲ್ಲಿ ಇದ್ದವು. ಬದಲಾಯಿಸಿದೆ, ಆರ್ಕೆಸ್ಟ್ರಾ ಬಂದಾಗ ಸಬ್ ಮಾತಾಡಿತು. ನಾಯಕಿ ಎಡದಿಂದ ಬಲಕ್ಕೆ ನಡೆಯುತ್ತಾ ಮಾತಾಡುವ ದೃಶ್ಯ ಮೂರು ಸಲ ಹಾಕಿ ಕೇಳಿದೆ. ದನಿ ಅವಳ ಜೊತೆಗೇ ನಡೆಯುತ್ತದೆ. ಇದನ್ನೇ ನಾನು ವೈರ್ ತಪ್ಪು ಅಂದುಕೊಂಡಿದ್ದೆ.

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಅಪ್ಪನ ಜೊತೆ ಪೂರ್ತಿ ನೋಡುತ್ತೇನೆ. ಇನ್ನೊಂದು ಡಿಸ್ಕ್ ಇದೆ, 2.76:1 ಅಂತ ಬರೆದಿದ್ದಾರೆ. ಅದರಲ್ಲೂ ಕ್ಲೋಸಪ್ ಹೀಗೇ ಇರುತ್ತದಾ? ಎಷ್ಟು ಗೆರೆ ಬರಬೇಕು?

ರೀಲು35:
696 ಗೆರೆ. ನಿಮ್ಮ ಟಿವಿಯಲ್ಲಿ 44 ಸೆಂ.ಮೀ. ಎತ್ತರ. ಅದು ಅಲ್ಟ್ರಾ ಪ್ಯಾನಾವಿಷನ್ 70. ಅದರಲ್ಲಿ ಹಿಂಡುವುದು 1.25 ಪಟ್ಟು ಮಾತ್ರ, ನೆಗೆಟಿವ್ ಕೂಡ 65 ಮಿ.ಮೀ. ಹಾಗಾಗಿ ಆ ಕೆನ್ನೆ ಊತ ಅಲ್ಲಿ ಕಾಡುವುದಿಲ್ಲ. ಪಟ್ಟಿ ಇದಕ್ಕಿಂತಲೂ ದಪ್ಪ ಇರುತ್ತದೆ. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಕೂತು ನೋಡಿ.