ಪ್ರಧಾನಿ, ರಾಷ್ಟ್ರಪತಿ ಹೋಗುವ ವಿಮಾನಕ್ಕೆ ಯಕ್ಷಗಾನದ ಡಿಸೈನ್ ಆಗ್ತದಾ?

ಮಣಿಪಾಲ_ಸ್ಕೆಚ್:
ಎಲ್ರಿಗೂ ನಮಸ್ಕಾರ. ಮಣಿಪಾಲದಲ್ಲಿ ಡಿಸೈನ್ ಕಲೀತಾ ಇದ್ದೇನೆ, ಈ ಸಲದ ಪ್ರಾಜೆಕ್ಟ್ ನಮ್ಮ ವಿವಿಐಪಿ ಬೋಯಿಂಗ್ 777ಕ್ಕೆ ಹೊಸ ಬಣ್ಣ ಯೋಚಿಸುವುದು. ಈಗ ಉಂಟಲ್ಲ, 2020ರಲ್ಲಿ ಬಂದದ್ದು, ಬಿಳಿ ಮೈ, ಹಿಂದಿಯಲ್ಲಿ ಭಾರತ, ಇಂಗ್ಲಿಷಲ್ಲಿ ಇಂಡಿಯಾ, ಅಶೋಕ ಲಾಂಛನ, ಬಾಲದಲ್ಲಿ ಬಾವುಟ, ಚಂದವೇ ಆದ್ರೆ ನಂಗೆ ಸ್ವಲ್ಪ ಸಪ್ಪೆ ಅನಿಸ್ತದೆ. ನನ್ನದ್ರಲ್ಲಿ ಮೈಯಿಡೀ ಕಡುನೀಲಿ, ಮೂತಿಯಿಂದ ಬಾಲದವರೆಗೆ ಯಕ್ಷಗಾನದಲ್ಲಿ ತಲೆಗೆ ಕಟ್ಟುವ ಕೇದಗೆ ಮುಂದಲೆಯ ಹಾಗೆ ಕೆಂಪು, ಚಿನ್ನದ ಎಳೆಗಳು. ಸೈಡ್ ವ್ಯೂ ಮಾಡಿ ಆಯ್ತು. ನಿಜವಾದ ವಿಮಾನಕ್ಕೆ ಇದನ್ನು ಬಳೀಲಿಕ್ಕೆ ಆಗ್ತದಾ? ಕೆಲಸ ಗೊತ್ತಿದ್ದವರು ಹೇಳಿ ಪ್ಲೀಸ್.

ಸುರತ್ಕಲ್_ಪೇಂಟರ್:
ಗಲ್ಫಲ್ಲಿ ವಿಮಾನದ ಪೇಂಟ್ ಹ್ಯಾಂಗರಲ್ಲಿ ಇದ್ದವ ನಾನು. ಬಳೀಲಿಕ್ಕೆ ಆಗ್ತದೆ ಮಾರ್ರೆ, ಆದ್ರೆ ಸೈಡ್ ವ್ಯೂ ನಂಬ್ಬೇಡಿ. ವಿಮಾನದ ಮೈ ಉರುಟು, ಮೂತಿಯ ಹತ್ರ ಎರಡೂ ಕಡೆಗೆ ಬಗ್ತದೆ, ಕಂಪ್ಯೂಟರಲ್ಲಿ ನೆಟ್ಟಗೆ ಕಂಡ ಗೆರೆ ಅಲ್ಲಿ ಎದುರಿಂದ ನೋಡಿದ್ರೆ ಮೇಲೆ ಹೋದ ಹಾಗೆ ಕಾಣ್ತದೆ, ಬಣ್ಣದ ಅಂಚು ಸರಿ ಬರ್ಲಿಕ್ಕೆ ಅಂಟಿಸುವ ಟೇಪ್ ಕಿತ್ತು ಕಿತ್ತು ಪುನಃ ಹಾಕ್ಬೇಕು. ಇನ್ನು ನಿಮ್ಮ ವಿಮಾನ, ಅಂದ್ರೆ 777-300ಇಆರ್‌ಗೆ ಒಂದೊಂದು ಬದಿಗೆ 5 ಬಾಗಿಲು. ಹೊರಗಿಂದ ತೆಗೀಲಿಕ್ಕಾಗುವ ಬಾಗಿಲಿನ ಸುತ್ತ 2 ಇಂಚಿನ ಪಟ್ಟಿ ಎದ್ದು ಕಾಣ್ಬೇಕು ಅಂತ ನಿಯಮವೇ ಉಂಟು, ಬೆಂಕಿ ಬಿದ್ದಾಗ ರಕ್ಷಣೆಗೆ ಬಂದವ್ರು ಬಾಗಿಲು ಹುಡುಕ್ತಾ ನಿಲ್ಬಾರ್ದು ಅಂತ. ನಿಮ್ಮ ಚಿನ್ನದ ಎಳೆಗಳ ನಡುವೆ ಅದು ಕಾಣ್ತದಾ, ನೋಡಿ.

ಮತ್ತೆ ಮುಂಭಾಗದಲ್ಲಿ ಸ್ಟ್ಯಾಟಿಕ್ ಪೋರ್ಟ್ ಅಂತ ಸಣ್ಣ ಸಣ್ಣ ತೂತುಗಳು, ಎತ್ತರ, ವೇಗ ಗೊತ್ತಾಗುವುದೇ ಅದರಿಂದ, ಅಲ್ಲಿ ಪೇಂಟ್ ದೊರಗಾಗ್ಬಾರ್ದು. 1996ರಲ್ಲಿ ಪೆರುವಿನಲ್ಲಿ ವಿಮಾನ ತೊಳೆದವ್ರು ಆ ತೂತಿಗೆ ಹಾಕಿದ ಟೇಪ್ ತೆಗೀದೆ ಬಿಟ್ಟದ್ದಕ್ಕೆ 70 ಜನ ಸತ್ತರು. ಬಾಲದ ರಡ್ಡರಿಗೂ (ಮೂತಿಯನ್ನು ಎಡಬಲ ತಿರುಗಿಸುವ ಹಲಗೆ) ದಪ್ಪ ದಪ್ಪ ಕೋಟ್ ಬೇಡ, ತೂಕ ಹೆಚ್ಚುಕಮ್ಮಿ ಆದ್ರೆ ಬ್ಯಾಲೆನ್ಸ್ ಪುನಃ ನೋಡ್ಬೇಕಾಗ್ತದೆ.

ಕದ್ರಿ_ರನ್‌ವೇ:
ಕಡುನೀಲಿ ಬಗ್ಗೆ ಒಂದು ಮಾತು. ಅಮೆರಿಕದ ಅಧ್ಯಕ್ಷರು ಹೋಗುವ ವಿಮಾನ, ಹೊಸ ಏರ್ ಫೋರ್ಸ್ ಒನ್‌ಗೆ ಟ್ರಂಪ್ ಕೆಂಪು, ಬಿಳಿ, ಕಡುನೀಲಿ ಹೇಳಿದ್ರಲ್ಲ, 2022ರಲ್ಲಿ ಅವರ ವಾಯುಪಡೆಯವ್ರೇ ಗಾಢ ಬಣ್ಣದಿಂದ ಕೆಲವು ಭಾಗಗಳು ಜಾಸ್ತಿ ಬಿಸಿ ಆಗ್ತವೆ, ಹೆಚ್ಚಿನ ಪರೀಕ್ಷೆ ಬೇಕಾಗ್ತದೆ ಅಂತ ಹೇಳಿದ್ರು, 2023ರಲ್ಲಿ ಬೈಡನ್ ಹಳೇ ತಿಳಿನೀಲಿಯ ಹತ್ತಿರದ್ದನ್ನೇ ಆರಿಸಿದ್ರು. ಆ ಹಳೇದು 1962ರಲ್ಲಿ ಅಧ್ಯಕ್ಷ ಕೆನಡಿಗೋಸ್ಕರ ಡಿಸೈನರ್ ರೇಮಂಡ್ ಲೋವಿ ಮಾಡಿದ್ದು. ನಂಗೆ ಅದಕ್ಕಿಂತ ಚಂದದ ವಿಮಾನ ಇನ್ನೊಂದು ಕಂಡಿಲ್ಲ. ಅದ್ರಲ್ಲಿ ಎಂಥ ಉಂಟು ಹೇಳಿ? ಎರಡು ನೀಲಿ, ಬಿಳಿ, ಅಗಲ ಬಿಟ್ಟು ಬರೆದ ದೇಶದ ಹೆಸರು, ಅಷ್ಟೇ. ಬಾಗಿಲಲ್ಲಿ ಅಧ್ಯಕ್ಷರು ಬಂದು ಕೈ ಬೀಸಿದ್ರೆ ಹಿಂದೆ ದೇಶದ ಹೆಸರು ಫೋಟೋದಲ್ಲಿ ಬರ್ಬೇಕು. ಅದು ಮುಖ್ಯ, ಉಳಿದದ್ದು ಆಮೇಲೆ.

ಉಡುಪಿ_ಕುಸುರಿ:
ಅಲಂಕಾರವೇ ಬೇಡ ಅಂತ ನಾನು ಒಪ್ಪುದಿಲ್ಲ. ಏರ್ ಇಂಡಿಯಾದ ಹಳೇ 747 ನೆನಪುಂಟಾ? 1971ರಲ್ಲಿ ಬಂದಾಗ ಪ್ರತಿ ಕಿಟಕಿಗೂ ಕೆಂಪು ಕಮಾನು, ರಾಜಸ್ಥಾನದ ಅರಮನೆಗಳ ಕುಸುರಿ ಕಿಟಕಿ, ಝರೋಕದ ಹಾಗೆ. 2020ಕ್ಕೆ ಮೊದಲು ಪ್ರಧಾನಿಗಳು ಹೋಗ್ತಿದ್ದ 747ರಲ್ಲೂ ಆ ಕಮಾನು ಇತ್ತು. ಕಿಟಕಿ ಇದ್ದಲ್ಲಿಯೇ ಕುಸುರಿ ಕೂತದ್ದು, ಹಾಗಾಗಿ ಇಷ್ಟು ವರ್ಷವಾದ್ರೂ ಜನ ಮರೀಲಿಲ್ಲ. ನಿಮ್ಮ ಕೇದಗೆಯೂ ಹಾಗೇ ಒಂದು ಜಾಗ ಹಿಡೀಲಿ. ಕೇದಗೆ ಮುಂದಲೆ ತಲೆ ಮೇಲಲ್ವಾ ಕಟ್ಟುದು, ಮೈಯಿಡೀ ಅಲ್ಲವಲ್ಲ, ಮೈ ಬಿಳಿ ಬಿಟ್ಟು ಬಾಲದ ಬುಡದಿಂದ ಮೇಲಕ್ಕೆ ಎಳೆಗಳು ಏರಿದ್ರೆ ಬೊಂಬಾಟ್ ಆಗ್ತದೆ.

ಮಣಿಪಾಲ_ಸ್ಕೆಚ್:
ಅಕ್ಕ, ಇದು ಹೊಳೀಲೇ ಇಲ್ಲ ನಂಗೆ! ಹಾಗಾದ್ರೆ ಬಾವುಟ ಬಾಲದಿಂದ ಮುಂದಿನ ಬಾಗಿಲ ಹತ್ರ ಬರ್ಲಿ. ಪೇಂಟರಣ್ಣ, ಬಲಬದಿಗೆ ಎಡಬದಿದ್ದನ್ನೇ ಮಿರರ್ ಮಾಡಿದ್ರೆ ಸಾಕಾ?

ಸುರತ್ಕಲ್_ಪೇಂಟರ್:
ಸಾಲ್ದು. ಎಳೆ ಮಿರರ್ ಆಗ್ತದೆ, ಅಕ್ಷರ ಆಗುದಿಲ್ಲ. ಎಡಬದಿಯಲ್ಲಿ ಹೆಸರು ಮೂತಿ ಕಡೆಯಿಂದ ಶುರು, ಬಲಬದಿಯಲ್ಲಿ ಬಾಲದ ಕಡೆಯಿಂದ ಶುರುವಾಗಿ ಮೂತಿ ಹತ್ರ ಮುಗೀತದೆ. ಹೆಸರು ಎರಡೂ ಬದಿಯಲ್ಲಿ ಮುಂದಿನ ಬಾಗಿಲಿನ ಹತ್ರವೇ ಬರ್ಬೇಕಾದ್ರೆ ಅಕ್ಷರದ ನಡುವಿನ ಜಾಗ, ಬಾವುಟದ ಜಾಗ ಎರಡನ್ನೂ ಬೇರೆ ಲೆಕ್ಕ ಹಾಕಿ. ಎರಡೂ ಬದಿ, ಎದುರಿನದ್ದು, ಮೇಲಿನದ್ದು ಬರೆದು ಇಲ್ಲಿ ಹಾಕಿ, ಟೇಪ್ ಎಲ್ಲಿ ಕೂರುದಿಲ್ಲ ಅಂತ ಗುರುತು ಮಾಡಿ ಕೊಡ್ತೇನೆ.