ಸಹಾಯ ಬೇಕು: ಪಿಯಾನೋ ಟ್ಯೂನ್ ಮಾಡುವಾಗ ಬಲಭುಜ ಹಿಡಿಯುತ್ತೆ

ಎಲ್ಲರಿಗೂ ನಮಸ್ಕಾರ ರೀ. ಬೀದರ್‌ನಲ್ಲಿ ಒಂದು ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೋ ಟ್ಯೂನ್ ಮಾಡಬೇಕಿದೆ. 88 ಕೀ, ಇನ್ನೂರಕ್ಕೂ ಹೆಚ್ಚು ತಂತಿ. ನಮ್ಮ ಬೇಸಿಗೆಯ ಒಣಹವೆಗೆ ಶ್ರುತಿ ಚೆನ್ನಾಗೇ ಇಳಿದಿದೆ, ಹಾಗಾಗಿ ಎರಡು ಸುತ್ತು ಬೇಕೇ ಬೇಕು.

ಲಿವರ್ (ತಂತಿ ಸುತ್ತಿದ ಪಿನ್ ತಿರುಗಿಸುವ ಉದ್ದ ಹಿಡಿಯ ಸಾಧನ) ಗಡಿಯಾರದ 12ರ ಕಡೆ ನಿಲ್ಲಿಸಿ, ಪಿಯಾನೋದ ಮೇಲಂಚಿನ ಮೇಲೆ ಮಡಚಿದ ಟವೆಲ್ ಹಾಕಿ ಮೊಣಕೈ ಊರಿದರೆ ಎಡಭಾಗದ ತಂತಿಗಳಿಗೆ ತೊಂದರೆಯಿಲ್ಲ. ಬಲತುದಿಗೆ ಹೋದಂತೆ ಮೊಣಕೈಗೆ ಆಸರೆ ತಪ್ಪಿ, ಭುಜ ಕಿವಿಯತ್ತ ಏರುತ್ತೆ. ಸುಸ್ತಾಗಿ ಲಿವರ್ 3ರ ಕಡೆ ವಾಲಿಸಿದರೆ ಎಳೆತ ಕೆಳಮುಖವಾಗಿ ಪಿನ್ ಬಾಗುತ್ತೆ, ಕೈ ಬಿಟ್ಟೊಡನೆ ಸ್ವರ ಸರಿಯುತ್ತೆ. ಅದೇ ದೊಡ್ಡ ತಲೆನೋವು.

ಎಡಗೈಯಲ್ಲಿ ಲಿವರ್ ಹಿಡಿದು, ಬಲಗೈಯಲ್ಲಿ ಕೀ ಒತ್ತುವವರು ಕಲಬುರಗಿ, ಯಾದಗಿರಿ ಕಡೆ ಇದ್ದೀರೇನು? ಕೈ ಯಾವ ಆಕ್ಟೇವ್‌ನಲ್ಲಿ (ಸಪ್ತಕದಲ್ಲಿ) ಬದಲಿಸ್ತೀರಿ? ಕೂತು ಮಾಡೋದಾದರೆ ಸ್ಟೂಲ್ ಎಷ್ಟು ಎತ್ತರ ಇರಬೇಕು? ಫೋಟೊ ಹಾಕಿದರೆ ಇನ್ನೂ ಛಲೋ.